ಹದಿನೈದನೇ ವಚನದಿಂದ ಓದಿ

ಶುಭ ಶುಕ್ರವಾರದ ಆರಾಧನೆಯಲ್ಲಿ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಪ್ರಸಂಗ ಮಾಡುವುದು ನಮ್ಮ ಕಡೆ ವಾಡಿಕೆ. ಮೊದಲನೇ ಮಾತು, "ತಂದೆಯೇ, ಅವರನ್ನು ಕ್ಷಮಿಸು". ಅದು ಯಾರ ಪಾಲಿಗೆ ಬಂದರೂ ಒಂದು ಉದಾಹರಣೆ ಗ್ಯಾರಂಟಿ. ಗ್ಲಾಡಿಸ್ ಸ್ಟೇನ್ಸ್. ನಾನು ಚಿಕ್ಕವಳಿದ್ದಾಗಿನಿಂದ ಈ ಕಥೆ ಕೇಳುತ್ತಾ ಬಂದಿದ್ದೇನೆ. ಕೇಳಿದಾಗೆಲ್ಲ ಕಣ್ಣು ತುಂಬುತ್ತದೆ, ಅದು ಬೇರೆ ವಿಷಯ. ಆದರೆ ಹೇಳುವವರು ಯಾವಾಗಲೂ ಅರ್ಧ ಹೇಳಿ ಕೂತುಬಿಡುತ್ತಾರೆ ಅನ್ನೋದು ನನ್ನ ತಕರಾರು.

ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು. 1965ರಲ್ಲಿ ಒಡಿಶಾದ ಬಾರಿಪದಾಕ್ಕೆ ಬಂದವರು ಅಲ್ಲೇ ಕುಷ್ಠರೋಗಿಗಳ ಆಶ್ರಮ ನೋಡಿಕೊಂಡು ಉಳಿದರು. 1999ರ ಜನವರಿ 22ರ ರಾತ್ರಿ ಕಿಯೋಂಝರ್ ಜಿಲ್ಲೆಯ ಮನೋಹರಪುರ ಅನ್ನುವ ಹಳ್ಳಿಯಲ್ಲಿ, ಒಂದು ಶಿಬಿರಕ್ಕೆ ಹೋದಾಗ, ತಮ್ಮ ಗಾಡಿಯಲ್ಲೇ ಮಲಗಿದ್ದರು. ಜೊತೆಗೆ ಇಬ್ಬರು ಗಂಡುಮಕ್ಕಳು, ಹತ್ತು ವರ್ಷದ ಫಿಲಿಪ್, ಆರು ವರ್ಷದ ಟಿಮೊಥಿ. ದಾರಾ ಸಿಂಗ್ ಮುಂದಾಳಾಗಿದ್ದ ಗುಂಪೊಂದು ಬಂದು ಗಾಡಿಗೆ ಬೆಂಕಿ ಹಚ್ಚಿತು. ಮೂವರೂ ಸುಟ್ಟು ಸತ್ತರು. ಗ್ಲಾಡಿಸ್ ಮತ್ತು ಮಗಳು ಎಸ್ತರ್ ಬಾರಿಪದಾದಲ್ಲೇ ಇದ್ದರು. ಗಂಡ, ಮಕ್ಕಳನ್ನು ಮಣ್ಣು ಮಾಡುವ ಹೊತ್ತಿಗೆ ಅಮ್ಮ ಮಗಳು ಇಬ್ಬರೂ ನಿಂತು ಹಾಡಿದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಗ್ಲಾಡಿಸ್ ಹೇಳಿದರು. ದೇಶ ಬಿಟ್ಟು ಓಡಲಿಲ್ಲ. 2004ರವರೆಗೂ ಅದೇ ಊರಲ್ಲಿ ಅದೇ ರೋಗಿಗಳ ನಡುವೆ ಇದ್ದರು. ಗಂಡನ ಹೆಸರಲ್ಲಿ ಆಸ್ಪತ್ರೆ ಶುರುವಾಯಿತು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪ್ರಸಂಗ ಇಲ್ಲಿಗೆ ಮುಗಿಯುತ್ತದೆ. "ಪ್ರಿಯರೇ, ಆ ತಾಯಿ ಕ್ಷಮಿಸಿದ ಮೇಲೆ ನಿಮ್ಮ ನಾದಿನಿ ಆಡಿದ ಒಂದು ಮಾತನ್ನು ನೀವು ಕ್ಷಮಿಸೋಕೆ ಆಗಲ್ವಾ?" ಆಮೆನ್.

ಉಳಿದರ್ಧ ಏನು ಅಂದರೆ, ಕೇಸು ಬಿಟ್ಟುಬಿಡಿ ಅಂತ ಗ್ಲಾಡಿಸ್ ಯಾರಿಗೂ ಹೇಳಲಿಲ್ಲ. ಕ್ಷಮಿಸುವುದು ಬೇರೆ, ಮಾಡಿದ ಅಪರಾಧಕ್ಕೆ ಏನಾಗಬೇಕೋ ಅದು ಬೇರೆ, ಎರಡನ್ನೂ ಕಲೆಸಬೇಡಿ ಅನ್ನುವುದೇ ಅವರ ನಿಲುವಾಗಿತ್ತು. ಪೊಲೀಸರು, ಸಿಬಿಐ, ಕೋರ್ಟು ಎಲ್ಲ ತಮ್ಮ ಪಾಡಿಗೆ ನಡೆಯಿತು. 2003ರಲ್ಲಿ ದಾರಾ ಸಿಂಗ್‌ಗೆ ಮರಣದಂಡನೆ ಆಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನೇ ಎತ್ತಿಹಿಡಿಯಿತು. ಅವನಿಗೆ ಗಲ್ಲು ಆಗಲಿ ಅಂತ ಗ್ಲಾಡಿಸ್ ಕೂಗಾಡಲಿಲ್ಲ, ಅವನನ್ನು ಬಿಟ್ಟು ಕಳಿಸಿ ಅಂತಲೂ ಅರ್ಜಿ ಹಾಕಲಿಲ್ಲ. ಅವರು ಮಾಡಿದ್ದು ತಮ್ಮ ಪಾಲಿನ ಕೆಲಸ. ತಮ್ಮ ಮನಸ್ಸಲ್ಲಿ ಅವನಿಗೆ ಕೇಡು ಬಯಸಲಿಲ್ಲ. ಜೈಲು ಬಾಗಿಲಿನ ಬೀಗದ ಕೈ ಅವರ ಹತ್ತಿರ ಇರಲೂ ಇಲ್ಲ, ಅದನ್ನು ಅವರು ಕೇಳಲೂ ಇಲ್ಲ.

ಇದನ್ನು ಇಷ್ಟು ಎಳೆದು ಹೇಳೋಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ಅಪ್ಪ ಹೋದ ಮೇಲೆ ಅಮ್ಮ ಬ್ಲೌಸ್ ಹೊಲಿದು ನಮ್ಮನ್ನು ಸಾಕಿದಳು. ಫಾಲ್, ಜಿಗ್‌ಜಾಗ್, ಲೈನಿಂಗ್ ಬ್ಲೌಸು, ಹಬ್ಬ ಮದುವೆ ಸೀಸನ್ ಬಂದರೆ ರಾತ್ರಿ ಒಂದು ಗಂಟೆವರೆಗೂ ಮಷಿನ್ ಶಬ್ದ. ಅದರಲ್ಲೇ ಉಳಿಸಿ ನಮ್ಮ ಸಭೆಯವರೇ, ಅಂದರೆ ಚರ್ಚಿನವರೇ, ಒಬ್ಬರು ನಡೆಸುತ್ತಿದ್ದ ಚೀಟಿಗೆ ಸೇರಿದ್ದಳು. ಒಂದು ಲಕ್ಷದ ಚೀಟಿ, ತಿಂಗಳಿಗೆ 5,000. ಚೀಟಿ ನಡೆಸುವುದಕ್ಕೆ ನೋಂದಣಿ ಬೇಕು ಅಂತ 1982ರ ಕಾಯ್ದೆ ಹೇಳುತ್ತದಂತೆ. ನಮ್ಮ ಬೀದಿ ಚೀಟಿಗಳಿಗೆ ಅದನ್ನೆಲ್ಲ ಕೇಳೋರ್ಯಾರು? ಪ್ರತಿ ಭಾನುವಾರ ವಾಕ್ಯ ಓದುವ ಮನುಷ್ಯ, ಅಷ್ಟು ಸಾಕಿತ್ತು. ಅಮ್ಮ ಅವರನ್ನು ಅಣ್ಣ ಅನ್ನುತ್ತಿದ್ದಳು, ನಾವು ಅಂಕಲ್ ಅನ್ನುತ್ತಿದ್ದೆವು. ಮಧ್ಯದಲ್ಲಿ ಕೂಗಿ ಎತ್ತಿದರೆ ದುಡ್ಡು ಕಮ್ಮಿ ಆಗುತ್ತದೆ, ತಂಗಿಯ ನರ್ಸಿಂಗ್ ಫೀಸಿಗೆ ಪೂರ್ತಿ ಮೊತ್ತ ಬೇಕು ಅಂತ ಅಮ್ಮ ಕೊನೆ ಚೀಟಿಗೇ ಕಾದು ಕೂತಳು. ಕೊನೆ ಬರಲೇ ಇಲ್ಲ. ಒಂದು ತಿಂಗಳು ಅಂಕಲ್ ಫೋನ್ ತೆಗೆಯಲಿಲ್ಲ, ಮುಂದಿನ ವಾರ ಮನೆಗೆ ಬೀಗ, ಆಮೇಲೆ ಗೊತ್ತಾಯಿತು, ಮೂರು ಚೀಟಿಗಳ ದುಡ್ಡು ಯಾವುದೋ ಸೈಟ್ ವ್ಯವಹಾರಕ್ಕೆ ಹಾಕಿ ಮುಳುಗಿಸಿಕೊಂಡಿದ್ದರು.

ಚೀಟಿ ಕಟ್ಟಿದ್ದವರಲ್ಲಿ ಕೆಲವರು ಸೇರಿ ಸ್ಟೇಷನ್‌ಗೆ ಹೋಗೋಣ ಅಂತ ಮಾತಾಡಿಕೊಂಡರು. ಅಷ್ಟೊತ್ತಿಗೆ ಸಭೆಯ ಹಿರಿಯರಿಬ್ಬರು ನಮ್ಮ ಮನೆಗೆ ಬಂದರು. ಅಮ್ಮ ಟೀ ಕೊಟ್ಟಳು. ಮಷಿನ್ ಮೇಲಿದ್ದ ಬಟ್ಟೆ ಸರಿಸಿ ಅಲ್ಲೇ ಸತ್ಯವೇದ (ಬೈಬಲ್) ಇಟ್ಟುಕೊಂಡು, ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಆರನೇ ಅಧ್ಯಾಯ ತೆಗೆದರು. ಸಹೋದರನು ಸಹೋದರನ ಮೇಲೆ ಅವಿಶ್ವಾಸಿಗಳ ಮುಂದೆ ವ್ಯಾಜ್ಯ ಮಾಡುವುದಾ, ಅದಕ್ಕಿಂತ ಅನ್ಯಾಯವನ್ನು ಸಹಿಸಬಾರದಾ, ಮೋಸ ಹೋಗಬಾರದಾ ಅಂತ ಪೌಲನೇ ಕೇಳುತ್ತಾನಲ್ಲ. "ಕ್ಷಮಿಸಿಬಿಡಿ ಸಿಸ್ಟರ್. ಕರ್ತನು ನಿಮಗೆ ಎರಡರಷ್ಟು ಕೊಡ್ತಾನೆ."

ಆ ವಚನ ಅಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ಅದರ ಹಿಂದೆ ಮುಂದೆ ಏನಿದೆ ನೋಡಿ. ಅದಕ್ಕೂ ಮುಂಚೆ ಪೌಲ ಸಭೆಯನ್ನೇ ಬೈಯುತ್ತಾನೆ, ನಿಮ್ಮೊಳಗೆ ಈ ವ್ಯಾಜ್ಯ ತೀರಿಸುವಂಥ ಬುದ್ಧಿವಂತ ಒಬ್ಬನಾದರೂ ಇಲ್ಲವಾ ಅಂತ. ಅಂದರೆ ಕೋರ್ಟಿಗೆ ಹೋಗಬೇಡಿ ಅಂದಿದ್ದು ನ್ಯಾಯವೇ ಬೇಡ ಅಂತಲ್ಲ, ಆ ಕೆಲಸ ನೀವೇ ಕೂತು ಮಾಡಿ ಅಂತ. ಅದಾದ ಮೇಲಿನ ವಚನದಲ್ಲಿ ಮೋಸ ಮಾಡಿದವರಿಗೂ ಸರಿಯಾಗಿ ಬಿಸಿ ಮುಟ್ಟಿಸುತ್ತಾನೆ. ನಮ್ಮ ಹಿರಿಯರು ಬೆರಳಿಟ್ಟು ಓದಿದ್ದು ಮಧ್ಯದ ಒಂದೇ ವಚನ. ಅಂಕಲ್ ಆಗ ಅವರ ಮಾವನ ಊರಲ್ಲಿದ್ದಾರೆ ಅಂತ ಇಡೀ ಸಭೆಗೆ ಗೊತ್ತಿತ್ತು. ಬಸ್ಸಿಗೆ ಎರಡು ಗಂಟೆ ದಾರಿ. ಅಲ್ಲಿಗೆ ಸತ್ಯವೇದ ಹಿಡಿದುಕೊಂಡು ಯಾರೂ ಹೋಗಲಿಲ್ಲ.

ಅಮ್ಮ ಜಾಸ್ತಿ ಮಾತಾಡುವವಳಲ್ಲ. ಅವತ್ತು ಹೇಳಿದ್ದು ಇಷ್ಟೇ: "ಅಣ್ಣನ ಮೇಲೆ ನಾನು ಶಾಪ ಹಾಕಿಲ್ಲ. ಅವರ ಮಕ್ಕಳು ಚೆನ್ನಾಗಿರಲಿ. ಆದ್ರೆ ಆ ದುಡ್ಡು ನನ್ನ ಮಗಳದ್ದು, ಅದನ್ನ ಬಿಟ್ಟುಕೊಡೋಕೆ ನಾನ್ಯಾರು?" ಮಾರನೇ ದಿನ ಬೇರೆಯವರ ಜೊತೆ ಹೋಗಿ ದೂರಿಗೆ ಸಹಿ ಹಾಕಿ ಬಂದಳು. ಸ್ಟೇಷನ್‌ನಲ್ಲಿ ಕರೆಸಿ ಕೂರಿಸಿದ ಮೇಲೆ ಅಂಕಲ್ ಒಂದು ಸೈಟ್ ಮಾರಿದರು, ಎಲ್ಲರಿಗೂ ಸುಮಾರು ಅರ್ಧ ದುಡ್ಡು ಬಂತು. ಉಳಿದದ್ದು ಇವತ್ತಿಗೂ ಬಾಕಿ. ಸಭೆಯಲ್ಲಿ ಒಂದಷ್ಟು ಜನ ನಮ್ಮ ಜೊತೆ ಮಾತು ಬಿಟ್ಟರು. ಮೋಸ ಮಾಡಿದವರಿಗಿಂತ ದೂರು ಕೊಟ್ಟವರೇ ದೊಡ್ಡ ಪಾಪಿಗಳಾಗುವುದು ನಮ್ಮಲ್ಲಿ ಹೊಸದೇನಲ್ಲ ಬಿಡಿ.

ಕ್ಷಮೆಯ ಬಗ್ಗೆ ಪ್ರಸಂಗ ಅಂದರೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಬಂದೇ ಬರುತ್ತದೆ. ಶಿಷ್ಯ ಪೇತ್ರ ಯೇಸುವಿನ ಹತ್ತಿರ ಬಂದು, ನನ್ನ ಸಹೋದರ ತಪ್ಪು ಮಾಡಿದರೆ ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿನಾ ಅಂತ ಕೇಳುತ್ತಾನೆ. ಏಳು ಸಾರಿ ಅಲ್ಲ, ಏಳೆಪ್ಪತ್ತು ಸಾರಿ ಅನ್ನುತ್ತಾನೆ ಯೇಸು. ಇದು 21ನೇ ವಚನದಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ದಯವಿಟ್ಟು ಒಂದು ಸಲ 15ನೇ ವಚನದಿಂದ ಓದಿ. ನಿನ್ನ ಸಹೋದರ ತಪ್ಪು ಮಾಡಿದರೆ ನೀನೇ ಹೋಗಿ, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಅದಕ್ಕೂ ಬಗ್ಗದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಹೊರಗಿನವನು ಅಂತ ಎಣಿಸು. ಹೇಳಿದ್ದು ಅದೇ ಯೇಸು, ಅದೇ ಅಧ್ಯಾಯ, ಅದೇ ಉಸಿರಲ್ಲಿ. ಪೇತ್ರನ ಪ್ರಶ್ನೆ ಬರುವುದೇ ಇದನ್ನೆಲ್ಲ ಕೇಳಿದ ಮೇಲೆ. ತಪ್ಪನ್ನು ತಪ್ಪು ಅಂತ ಮುಖಕ್ಕೆ ಹೇಳುವುದು ಮತ್ತು ಏಳೆಪ್ಪತ್ತು ಸಾರಿ ಕ್ಷಮಿಸುವುದು, ಎರಡೂ ಒಂದೇ ಬಾಯಿಂದ ಬಂದಿರುವಾಗ ನಾವು ಎರಡನೆಯದನ್ನು ಮಾತ್ರ, ಅದೂ ನೊಂದವರಿಗೆ ಮಾತ್ರ, ಹೇಳುತ್ತೇವಲ್ಲ, ಯಾಕೆ? ನನಗೆ ಅನ್ನಿಸುವುದು, ನೊಂದವರಿಗೆ ಬುದ್ಧಿ ಹೇಳುವುದು ಸುಲಭ. ಮೋಸ ಮಾಡಿದವನಿಗೆ ಹೇಳಲು ಹೋದರೆ ಅವನು ತಿರುಗಿ ಬೈತಾನೆ.

ಮುಂದೆ ಯೇಸು ಹೇಳುವ ಸಾಮ್ಯದಲ್ಲೂ (ನೀತಿಕಥೆಯಲ್ಲೂ) ಹೀಗೇ. ಒಬ್ಬ ಆಳಿಗೆ ರಾಜ ಹತ್ತು ಸಾವಿರ ತಲಾಂತು ಸಾಲ ಬಿಟ್ಟುಬಿಡುತ್ತಾನೆ, ಆ ಆಳು ಹೊರಗೆ ಬಂದು ನೂರು ದಿನಾರಿಗೆ ಜೊತೆಯ ಆಳಿನ ಕುತ್ತಿಗೆ ಹಿಡಿಯುತ್ತಾನೆ. "ನೂರು ದಿನಾರಿ ಅಂದ್ರೆ ಪುಡಿಗಾಸು" ಅಂತ ಪ್ರಸಂಗದಲ್ಲಿ ಕೇಳಿದ್ದೇನೆ. ಪುಡಿಗಾಸಲ್ಲ. ದ್ರಾಕ್ಷಿತೋಟದ ಸಾಮ್ಯದಲ್ಲಿ ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ನೂರು ದಿನದ ಕೂಲಿ! ಯಾರಾದರೂ ನಿಮ್ಮ ಮೂರು ತಿಂಗಳ ಸಂಬಳ ತಿಂದು ಹಾಕಿದರೆ ಹೇಗಿರುತ್ತದೆ? ನಿನಗೆ ಆದ ನಷ್ಟ ಸಣ್ಣದು ಅಂತ ಯೇಸು ಎಲ್ಲೂ ಹೇಳಿಲ್ಲ. ನಷ್ಟ ನಿಜವಾಗಿ ದೊಡ್ಡದೇ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ, ಹತ್ತು ಸಾವಿರ ತಲಾಂತು ಅಂದರೆ ಏಳೇಳು ಜನ್ಮ ದುಡಿದರೂ ತೀರದ್ದು. ನಮಗೆ ದೇವರು ಬಿಟ್ಟಿದ್ದು ಅಷ್ಟು ಅನ್ನುವುದು ಲೆಕ್ಕ. ಇದು ನಾನು ನಂಬುವ ಮಾತು. ಕರ್ತನ ಪ್ರಾರ್ಥನೆಯಲ್ಲಿ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವ ಕಡೆ ಬಂದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಕ್ಷಮಿಸಬೇಕಾಗಿಲ್ಲ ಅಂತ ನಾನು ವಾದ ಮಾಡುತ್ತಿಲ್ಲ. ಕ್ಷಮಿಸಲೇಬೇಕು, ನಮಗೆ ಬೇರೆ ದಾರಿ ಇಟ್ಟಿಲ್ಲ. ಆದರೆ ಏನನ್ನು ಕ್ಷಮಿಸುತ್ತಿದ್ದೇವೆ ಅಂತ ಪೂರ್ತಿ ಮೊತ್ತ ಬರೆದುಕೊಂಡು ಕ್ಷಮಿಸಬೇಕು.

ಇನ್ನೊಂದು ಕಥೆ ಇದೆ, ನಮ್ಮ ಸಭೆಗಳಲ್ಲಿ ಇದನ್ನು ಅಷ್ಟಾಗಿ ಹೇಳುವುದಿಲ್ಲ, ಬಹುಶಃ ಅವರು ಕಥೋಲಿಕರು ಅಂತ ಇರಬೇಕು. ಸಿಸ್ಟರ್ ರಾಣಿ ಮಾರಿಯಾ. ಕೇರಳದವರು, ಮಧ್ಯಪ್ರದೇಶದ ಉದಯನಗರದ ಕಡೆ ಬಡವರ ಜೊತೆ ಕೆಲಸ ಮಾಡುತ್ತಿದ್ದರು. ಸಾಹುಕಾರರ ಬಡ್ಡಿಗೆ ಸಿಕ್ಕಿದ್ದ ಜನ ಇವರಿಂದ ಸ್ವಲ್ಪ ತಲೆ ಎತ್ತಲು ಶುರು ಮಾಡಿದ್ದು ಕೆಲವರ ಕಣ್ಣು ಕುಕ್ಕಿತು. 1995ರ ಫೆಬ್ರವರಿ 25ರಂದು ಅವರು ಹೋಗುತ್ತಿದ್ದ ಬಸ್ಸಿನಲ್ಲೇ ಸಮುಂದರ್ ಸಿಂಗ್ ಅನ್ನುವವನು ಚಾಕು ಹಾಕಿದ. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯ. ಅವನಿಗೆ ಜೀವಾವಧಿ ಆಯಿತು. ರಾಣಿ ಮಾರಿಯಾ ಅವರ ತಂಗಿ ಸೆಲ್ಮಿ ಪೌಲ್ ಕೂಡ ಅದೇ ಸಂಘದ ಸಿಸ್ಟರ್. ಅವರು ಇಂದೋರ್ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಯಾವಾಗ? 2002ರಲ್ಲಿ.

ಏಳು ವರ್ಷ! ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಸಮಾಧಾನ ಕೊಡುವುದು ಆ ಏಳು ವರ್ಷ. ನಾವು ಹೇಳುವಾಗ ಬಸ್ಸಿನಿಂದ ನೇರವಾಗಿ ರಾಖಿಗೆ ಹಾರಿಬಿಡುತ್ತೇವೆ. ಮಧ್ಯದಲ್ಲಿ ಆ ಮನೆಯಲ್ಲಿ ಎಷ್ಟು ಕ್ರಿಸ್ಮಸ್ ಬಂದು ಹೋಗಿರಬೇಕು, ಅಕ್ಕನ ಫೋಟೋ ಮುಂದೆ ಎಷ್ಟು ಸಲ ಕೂತಿರಬೇಕು. ಆಮೇಲೆ ಆ ಕುಟುಂಬ ಅವನ ಬಿಡುಗಡೆಗೂ ಒಪ್ಪಿ ಸಹಿ ಹಾಕಿತು. 2006ರಲ್ಲಿ ಅವನು ಹೊರಗೆ ಬಂದ, ಕೇರಳದ ಅವರ ಮನೆಗೂ ಹೋಗಿ ಬಂದ. 2017ರ ನವೆಂಬರ್ 4ರಂದು ಇಂದೋರ್‌ನಲ್ಲಿ ರಾಣಿ ಮಾರಿಯಾ ಅವರನ್ನು ಧನ್ಯರು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಅಂತ ಘೋಷಿಸಿದಾಗ ಅವನೂ ಅಲ್ಲಿದ್ದ.

ಎರಡು ಕಥೆಗೂ ಒಂದು ವ್ಯತ್ಯಾಸ ಇದೆ. ಸಮುಂದರ್ ಸಿಂಗ್ ಪಶ್ಚಾತ್ತಾಪ ಪಟ್ಟ, ತಾನು ಮಾಡಿದ್ದು ಘೋರ ಅಂತ ಬಾಯಿಬಿಟ್ಟು ಹೇಳಿದ. ಆದ್ದರಿಂದಲೇ ಅಲ್ಲಿ ಮನೆ ಬಾಗಿಲು ತೆರೆಯಿತು, ಅಣ್ಣ ತಂಗಿ ಅನ್ನುವ ಸಂಬಂಧ ಹುಟ್ಟಿತು. ಗ್ಲಾಡಿಸ್ ವಿಷಯದಲ್ಲಿ ಕ್ಷಮೆ ಇತ್ತು, ಸಂಬಂಧ ಹುಟ್ಟಲಿಲ್ಲ. ಹಾಗಂತ ಅವರ ಕ್ಷಮೆ ಅರ್ಧಂಬರ್ಧ ಆಯಿತಾ? ಇಲ್ಲ. ಕ್ಷಮಿಸೋಕೆ ಒಬ್ಬರು ಸಾಕು. ರಾಜಿ ಆಗೋಕೆ ಇಬ್ಬರು ಬೇಕು. ಸತ್ಯವೇದದ ಯೋಸೇಫನನ್ನೇ ನೋಡಿ. ಗುಂಡಿಗೆ ತಳ್ಳಿ ಮಾರಿದ ಅಣ್ಣಂದಿರು ಧಾನ್ಯಕ್ಕೆ ಐಗುಪ್ತಕ್ಕೆ (ಈಜಿಪ್ಟಿಗೆ) ಬಂದಾಗ ಓಡಿ ಹೋಗಿ ತಬ್ಬಿಕೊಳ್ಳಲಿಲ್ಲ. ಒಳಗೆ ಹೋಗಿ ಅತ್ತ, ಹೊರಗೆ ಬಂದು ಗುರುತು ಹೇಳದೆ ಪರೀಕ್ಷೆ ಮಾಡಿದ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಲೋಟ ಇಡಿಸಿದ. ಹಳೇ ಚಾಳಿಯಂತೆ ಈ ತಮ್ಮನನ್ನೂ ಬಿಟ್ಟು ಹೋಗುತ್ತಾರಾ ಅಂತ ನೋಡಿದ. ಯೆಹೂದ ಮುಂದೆ ಬಂದು, ಅವನ ಬದಲು ನಾನೇ ಗುಲಾಮನಾಗಿ ಇರುತ್ತೇನೆ ಅಂದ ಮೇಲೆಯೇ ಯೋಸೇಫ ಗಟ್ಟಿಯಾಗಿ ಅತ್ತು ನಾನೇ ಯೋಸೇಫ ಅಂದಿದ್ದು. ಅವನು ಅಷ್ಟೊತ್ತು ಕ್ಷಮಿಸದೆ ಕೂತಿದ್ದ ಅಂತ ನನಗೆ ಅನ್ನಿಸುವುದಿಲ್ಲ. ಇವರನ್ನು ನಂಬಬಹುದಾ ಅಂತ ನೋಡುತ್ತಿದ್ದ, ಅಷ್ಟೇ.

ಇದು ಚೀಟಿ ದುಡ್ಡಿನಲ್ಲೇ ನಿಂತುಬಿಟ್ಟಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗಂಡನ ಕೈಲಿ ಏಟು ತಿಂದು ತವರಿಗೆ ಬಂದ ಹೆಣ್ಣುಮಕ್ಕಳನ್ನು "ಕ್ಷಮಿಸಿ ಹೋಗಮ್ಮ, ಪ್ರಾರ್ಥನೆ ಮಾಡು, ಅವನು ಸರಿ ಹೋಗ್ತಾನೆ" ಅಂತ ಬ್ಯಾಗ್ ಸಮೇತ ವಾಪಸ್ ಕಳಿಸುವುದನ್ನು ನೋಡಿದ್ದೇನೆ. ಕ್ಷಮಿಸುವುದು ಅವಳಿಗೂ ದೇವರಿಗೂ ಬಿಟ್ಟ ವಿಷಯ. ವಾಪಸ್ ಹೋಗುವುದು ಅವಳ ಜೀವದ ಪ್ರಶ್ನೆ. ಕ್ಷಮಿಸಿದ ಮೇಲೂ ಅವಳು ತವರಲ್ಲೇ ಇರಬಹುದು, ಕೇಸು ಹಾಕಬಹುದು, ಬೇರೆ ಮನೆ ಮಾಡಬಹುದು. ಇದನ್ನು ಪೀಠದ ಮೇಲಿಂದ ಜೋರಾಗಿ ಹೇಳುವ ಅಯ್ಯನವರು ಸಿಕ್ಕರೆ ನನಗೆ ತಿಳಿಸಿ, ಆ ಭಾನುವಾರ ಅಲ್ಲಿಗೇ ಬರುತ್ತೇನೆ.

ಹಾಗಾದರೆ ಕ್ಷಮಿಸುವುದು ಅಂದರೆ ಉಳಿದಿದ್ದೇನು ಅಂತ ನೀವು ಕೇಳಬಹುದು. ದುಡ್ಡು ಕೇಳುತ್ತೀರಿ, ದೂರು ಕೊಡುತ್ತೀರಿ, ನಂಬುವುದೂ ಇಲ್ಲ, ಇನ್ನೇನು ಕ್ಷಮೆ ಅಂತ. ನಾನು ಅಮ್ಮನನ್ನು ನೋಡಿ ಕಲಿತಿದ್ದು ಹೇಳುತ್ತೇನೆ. ಅವಳು ಅಂಕಲ್ ಹಾಳಾಗಲಿ ಅಂತ ಕಾಯಲಿಲ್ಲ. ಅವರ ಮಗನಿಗೆ ಕೆಲಸ ಸಿಕ್ಕಿದೆ ಅಂತ ಕೇಳಿದಾಗ "ಒಳ್ಳೇದಾಯ್ತು" ಅಂದಳು, ಅದೂ ಹಲ್ಲು ಕಚ್ಚಿಕೊಂಡಲ್ಲ. ಸಂಜೆ ಮನೆ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳುತ್ತಾಳೆ. ಶುರುವಿನಲ್ಲಿ ಹೆಸರು ಹೇಳುವಾಗ ಧ್ವನಿ ಬಿಗಿಯುತ್ತಿತ್ತು, ಕೆಲವು ದಿನ ಹೆಸರೇ ಬರುತ್ತಿರಲಿಲ್ಲ, ಹಾರಿಸಿ ಮುಂದೆ ಹೋಗುತ್ತಿದ್ದಳು. ತಂಗಿ ಫೀಸಿಗೆ ಬ್ಯಾಂಕ್ ಸಾಲದ ಕಂತು ಕಟ್ಟುವ ತಿಂಗಳೆಲ್ಲ ಅದು ಮತ್ತೆ ವಾಪಸ್ ಬರುತ್ತಿತ್ತು. ಏಳೆಪ್ಪತ್ತು ಸಾರಿ ಅಂದಿದ್ದು ಏಳೆಪ್ಪತ್ತು ಬೇರೆ ಬೇರೆ ತಪ್ಪುಗಳಿಗೆ ಅಂತ ನಾವು ಅಂದುಕೊಳ್ಳುತ್ತೇವೆ. ಒಂದೇ ತಪ್ಪನ್ನು ಅಷ್ಟು ಸಾರಿ ಕ್ಷಮಿಸಬೇಕಾಗಿ ಬರುತ್ತದೆ ಅಂತ ಅಮ್ಮನನ್ನು ನೋಡಿದ ಮೇಲೆ ನನಗೆ ಅರ್ಥವಾಗಿದ್ದು. ನಾನು ಅಮ್ಮನಷ್ಟು ದೂರ ಬಂದಿಲ್ಲ. ಬರುತ್ತಿದ್ದೇನೆ.

ಅಂಕಲ್ ಈಗ ಸಭೆಗೆ ವಾಪಸ್ ಬಂದಿದ್ದಾರೆ. ಬರಲಿ, ಸಭೆ ಇರುವುದೇ ನಮ್ಮಂಥವರಿಗೆ. ಹೋದ ಸಲದ ಸಾಮಾನ್ಯ ಸಭೆಯಲ್ಲಿ ಖಜಾಂಚಿ ಸ್ಥಾನಕ್ಕೆ ಯಾರೋ ಅವರ ಹೆಸರು ಸೂಚಿಸಿದರು. ಲೆಕ್ಕ ಚೆನ್ನಾಗಿ ಗೊತ್ತು ಅಂತೆ! ಸತ್ಯವೇದದಲ್ಲಿ ಬರುವ ಸುಂಕದವನು ಜಕ್ಕಾಯನೂ ಲೆಕ್ಕದಲ್ಲಿ ಪಳಗಿದವನೇ, ಆದರೆ ಅವನು ಯೇಸುವಿನ ಮುಂದೆ ಎದ್ದು ನಿಂತು, ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ನಮಗೆ ನಾಲ್ಕರಷ್ಟು ಬೇಡ, ಉಳಿದರ್ಧ ಸಾಕು. ಕೈ ಎತ್ತಿ ಅಂದಾಗ ನಾನು ಎತ್ತಲಿಲ್ಲ. ವಿರೋಧ ಇರುವವರು ಅಂದಾಗ ಎತ್ತಿದೆ. ಹಿಂದಿನ ಬೆಂಚಿನಿಂದ ಒಬ್ಬರು, "ಏನ್ ಸಿಸ್ಟರ್, ಇನ್ನೂ ಕ್ಷಮಿಸಿಲ್ವಾ?" ಅಂದರು. "ಕ್ಷಮಿಸೋಕೂ ಕಾಣಿಕೆ ಪೆಟ್ಟಿಗೆಗೂ ಏನ್ ಸಂಬಂಧ?" ಅಂದೆ. ಬೇರೆಯವರು ಆಯ್ಕೆಯಾದರು. ಮುಗಿದು ಹೊರಗೆ ಬಂದಾಗ ಅಂಕಲ್ ಗೇಟ್ ಹತ್ತಿರ ಒಬ್ಬರೇ ನಿಂತಿದ್ದರು. ಹೋಗಿ ಮಾತಾಡಿಸಿದೆ, ಶುಗರ್ ಹೇಗಿದೆ ಅಂತ ಕೇಳಿದೆ. ಡಾಕ್ಟರ್ ಮಾತ್ರೆ ಬದಲಾಯಿಸಿದ್ದಾರಂತೆ, ಈಗ ಪರವಾಗಿಲ್ಲವಂತೆ.